ಸೊಂಟನೋವು ನೆಪವಲ್ಲ

ಸೊಂಟ ಹಿಡಿದುಕೊಂಡು ತೋಟದ ಡಿಸ್ಪೆನ್ಸರಿಗೆ ಹೋದ ಹೆಂಗಸಿಗೆ ಸಿಗುವುದೇನು? ನಾಲ್ಕು ಮಾತ್ರೆ, ಒಂದಿಷ್ಟು ಮುಲಾಮು. ಮೂರನೆಯ ಸಲ ಹೋದರೆ ಮೇಸ್ತ್ರಿ, "ಇವಳದು ಯಾವಾಗಲೂ ಇದೇ ನೆಪ" ಅನ್ನುತ್ತಾನೆ. ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೆ ಮುಗಿಯಿತು, ಮನೆಯವರೂ ಮೇಸ್ತ್ರಿಯ ಕಡೆಯೇ. ನಾವು ಉಪದೇಶಿಗಳೂ ಕಡಿಮೆಯಿಲ್ಲ. "ನಿನ್ನ ಪಾಲಿನ ಶಿಲುಬೆ, ಹೊತ್ತುಕೋ ಅಕ್ಕಾ" ಎಂದು ಎಷ್ಟೋ ಲೈನ್ ಮನೆಗಳಲ್ಲಿ ನಾನೇ ಹೇಳಿದ್ದೇನೆ. ಹೇಳಬಾರದಿತ್ತು.

ಲೂಕನ ಶುಭಸಂದೇಶದ 13ನೇ ಅಧ್ಯಾಯ ತೆಗೆದು ನೋಡಿ. 18 ವರ್ಷ ನಡು ಬಗ್ಗಿಹೋಗಿ ನೆಟ್ಟಗೆ ನಿಲ್ಲಲಾರದಿದ್ದ ಹೆಂಗಸು. ಅವಳು ಬೇಡುವ ಮೊದಲೇ ಯೇಸುಸ್ವಾಮಿ ಅವಳನ್ನು ಕರೆದು ಕೈಯಿಟ್ಟರು. ಸಹಿಸಿಕೋ ಎನ್ನಲಿಲ್ಲ. ತಕರಾರು ತೆಗೆದವನು ಪ್ರಾರ್ಥನಾಮಂದಿರದ ಅಧಿಕಾರಿ. ಸಬ್ಬತ್ ದಿನವೇ ಯಾಕೆ, ಬೇರೆ ದಿನ ಬರಬಾರದೇ ಎಂದು ಅವನ ವಾದ. ಇಂಥ ಅಧಿಕಾರಿಗಳು ಇಂದಿಗೂ ಇದ್ದಾರೆ.

ಇಂಥ ಹಳೆಯ ನೋವಿಗೆ ಮಾತ್ರೆಯಲ್ಲದ ಒಂದು ಚಿಕಿತ್ಸೆಯಿದೆ. ಬಯೋಫೀಡ್‌ಬ್ಯಾಕ್ ಎಂದು ಹೆಸರು. ಸ್ನಾಯು ಬಿಗಿಯುವಾಗ ಅದರಲ್ಲಿ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಚರ್ಮದ ಮೇಲೆ ಬಿಲ್ಲೆಗಳನ್ನು ಅಂಟಿಸಿದರೆ ಯಂತ್ರ ಅದನ್ನು ಹಿಡಿದು ಶಬ್ದವಾಗಿಯೋ ಪರದೆಯ ಮೇಲಿನ ಗೆರೆಯಾಗಿಯೋ ತೋರಿಸುತ್ತದೆ. ಸೂಜಿಯಿಲ್ಲ, ಶಾಕ್ ಇಲ್ಲ. ಹೆಗಲು ಬಿಗಿದರೆ ಶಬ್ದ ಏರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ. ಸುಮ್ಮನೆ ಕುಳಿತಿದ್ದೇನೆ ಎಂದುಕೊಂಡವರಿಗೂ ಕೆಲವೊಮ್ಮೆ ಶಬ್ದ ಇಳಿಯುವುದಿಲ್ಲ. ಮೈ ಕುಳಿತಿದೆ, ಸ್ನಾಯು ಇನ್ನೂ ಕೆಲಸದಲ್ಲಿದೆ! ಆ ಶಬ್ದ ಕೇಳುತ್ತಾ ಕೇಳುತ್ತಾ ಸಡಿಲಿಸುವುದನ್ನು ಕಲಿಯಬೇಕು. ಆಮೇಲೆ ಯಂತ್ರವಿಲ್ಲದೆ ನಿಲ್ಲುವುದು, ಬಗ್ಗುವುದು, ಎತ್ತುವುದು, ಎಲ್ಲವನ್ನೂ ಹೊಸದಾಗಿ ಅಭ್ಯಾಸ ಮಾಡಬೇಕು. ಮನುಷ್ಯ ಇಷ್ಟು ಸೂಕ್ಷ್ಮವಾಗಿ ಸ್ನಾಯುವನ್ನು ಹತೋಟಿಗೆ ತರಬಲ್ಲನೆಂದು ಬಸ್ಮಾಜಿಯನ್ ಎಂಬ ಕೆನಡಾದ ವೈದ್ಯರು 1963ರಲ್ಲೇ ತೋರಿಸಿಕೊಟ್ಟರು. ಜರ್ಮನಿಯ ಫ್ಲೋರ್ ಮತ್ತು ಬಿರ್ಬೌಮರ್ 1993ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಬೆನ್ನುನೋವು, ದವಡೆನೋವಿನ 78 ಮಂದಿ ಇದ್ದರು. ಈ ಚಿಕಿತ್ಸೆ ಪಡೆದವರಿಗೆ ಸಿಕ್ಕ ಗುಣ 2 ವರ್ಷದ ಮೇಲೂ ಉಳಿದಿತ್ತು.

ಸ್ನಾಯುವಿಗೆ ಹೊಸ ಪಾಠ ಹೇಳುವುದು ನಮ್ಮ ಕಡೆಗೂ ಹೊಸದಲ್ಲ. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರಾಂಡ್ ಕುಷ್ಠರೋಗಿಗಳ ಮಡಿಚಿದ ಬೆರಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿ, ಬೇರೆ ಕಡೆಯ ಸ್ನಾಯುರಜ್ಜು ತಂದು ಜೋಡಿಸುತ್ತಿದ್ದರು. ಆ ಸ್ನಾಯುವಿಗೆ ಹೊಸ ಕೆಲಸ ಕಲಿಸುವವರೆಗೆ ಕೈ ಉಪಯೋಗಕ್ಕೆ ಬರುತ್ತಿರಲಿಲ್ಲ. ಅವರ ಕೈಕೆಳಗೆ ಕಲಿತ ಡಾ. ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ಕಾಲಿನ ಸ್ವಾಧೀನ ಕಳೆದುಕೊಂಡು, ಗಾಲಿಕುರ್ಚಿಯಲ್ಲಿ ಕುಳಿತೇ ಆಪರೇಶನ್ ಮಾಡಿದವರು. ಅಲ್ಲಿಯ ಪುನರ್ವಸತಿ ಚಿಕಿತ್ಸಾ ವಿಭಾಗ ಕಟ್ಟಿದವರೂ ಅವರೇ.

ಆದರೆ ಇದು ಮಂತ್ರವಲ್ಲ. ಎಲ್ಲ ನೋವೂ ಸ್ನಾಯು ಬಿಗಿತದಿಂದ ಬರುವುದಿಲ್ಲ. ಕಾಲು ಜೋಮುಹಿಡಿದು ಬಲ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಜ್ವರದೊಂದಿಗೆ ಬೆನ್ನು ನೋಯುತ್ತಿದ್ದರೆ, ಬಿದ್ದ ಮೇಲೆ ನೋವು ಶುರುವಾಗಿದ್ದರೆ ಕಾಯಬೇಡಿ, ಆ ದಿನವೇ ಆಸ್ಪತ್ರೆಗೆ ಹೋಗಿ. ಯಂತ್ರವೂ ಎಲ್ಲ ಆಸ್ಪತ್ರೆಯಲ್ಲಿ ಇರುವುದಿಲ್ಲ. ಇಲ್ಲದಿದ್ದರೂ ಒಳ್ಳೆಯ ಫಿಸಿಯೋಥೆರಪಿಸ್ಟ್ ತಮ್ಮ ಕೈಯಿಂದ, ಒಂದು ಕನ್ನಡಿಯಿಂದ ಇದರಲ್ಲಿ ಬಹುಪಾಲು ಕಲಿಸಬಲ್ಲರು. ಕಿವಿಯವರೆಗೆ ಏರಿದ ಹೆಗಲನ್ನು ಇಳಿಸುವುದು, ಮೂಟೆ ಎತ್ತುವಾಗ ಮೊಣಕಾಲು ಮಡಿಸಿ ಭಾರವನ್ನು ಮೈಗೆ ಹತ್ತಿರ ಹಿಡಿಯುವುದು, ಸೊಪ್ಪಿನ ಚೀಲ ಒಂದೇ ಕಡೆ ನೇತಾಡದಂತೆ ನೋಡಿಕೊಳ್ಳುವುದು. ಎರಡು ದಿನ ಮಾಡಿ ಬಿಟ್ಟರೆ ಫಲವಿಲ್ಲ.

ಇಲ್ಲಿ ನನಗೊಂದು ಭಯವಿದೆ. ನಾಳೆ ಮ್ಯಾನೇಜರು, "ನಿಮಗೆ ಬಗ್ಗಲು ಬರುವುದಿಲ್ಲ, ಅದಕ್ಕೇ ನೋವು" ಎಂದು ತಪ್ಪನ್ನೆಲ್ಲ ನಮ್ಮ ತಲೆಗೇ ಕಟ್ಟಬಹುದು. ಅದಕ್ಕೆ ಉತ್ತರವೂ ಇದೇ ಯಂತ್ರದಲ್ಲಿದೆ. 1993ರಲ್ಲೇ ಪ್ರಕಟವಾದ ನಾರ್ವೆಯ ಅಧ್ಯಯನವೊಂದರಲ್ಲಿ ಪ್ಯಾಕಿಂಗ್ ಕೆಲಸದ ಹೆಂಗಸರ ಹೆಗಲ ಸ್ನಾಯುವನ್ನು ಅಳೆದರು. ಮುಂದೆ ನೋವು ಕಾಣಿಸಿಕೊಂಡವರ ಸ್ನಾಯುವಿಗೆ ಕೆಲಸದ ನಡುವೆ ಸಿಗುತ್ತಿದ್ದ ಕ್ಷಣಮಾತ್ರದ ಬಿಡುವುಗಳು ಕಡಿಮೆಯಿದ್ದವು. ಭಾರ ಒಂದೇ ಅಲ್ಲ, ಬಿಡುವಿಲ್ಲದಿರುವುದೂ ನೋವು ತರುತ್ತದೆ. ಕಿಲೋ ಲೆಕ್ಕಕ್ಕೆ ಓಡುವ ಕೈಗೆ ಬಿಡುವು ಎಲ್ಲಿಂದ ಬರಬೇಕು? ಹೆಗಲು ಸಡಿಲಿಸು ಎಂದು ಕಲಿಸುವವರು ತೂಕದ ಗುರಿಯನ್ನೂ ಸಡಿಲಿಸಬೇಕು.

1951ರ ತೋಟ ಕಾರ್ಮಿಕರ ಕಾಯಿದೆ ವೈದ್ಯಕೀಯ ಸೌಲಭ್ಯದ ಹೊಣೆಯನ್ನು ಮಾಲೀಕರ ಮೇಲೆ ಹಾಕಿತ್ತು. ಅದರ ಜಾಗಕ್ಕೆ ಬಂದಿರುವ 2020ರ ಸಂಹಿತೆಯಲ್ಲೂ ತೋಟದವರ ಆರೋಗ್ಯ ಸೌಲಭ್ಯದ ಮಾತಿದೆ. ಇತ್ತ ತಮಿಳುನಾಡು ಸರ್ಕಾರ 2021ರಲ್ಲಿ ಆರಂಭಿಸಿದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಲ್ಲಿ ಮನೆಬಾಗಿಲಿಗೆ ಫಿಸಿಯೋಥೆರಪಿ ಸೇರಿದೆ. ನೀಲಗಿರಿಯ ಲೈನ್ ಮನೆಯೂ ಮನೆಯೇ ತಾನೆ?

ಮುಂದಿನ ಸಂಘದ ಸಭೆಗೆ ಹೆಂಗಸರು ಬನ್ನಿ. ಯಾರಿಗೆ ಎಲ್ಲಿ ನೋವು, ಎಷ್ಟು ವರ್ಷದಿಂದ, ಯಾವ ಕೆಲಸದಲ್ಲಿ ಹೆಚ್ಚು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯೋಣ. ವಾರಕ್ಕೊಂದು ದಿನ ಡಿಸ್ಪೆನ್ಸರಿಗೆ ಫಿಸಿಯೋಥೆರಪಿಸ್ಟ್ ಬರಲಿ, ತೂಕದ ಹೊತ್ತಿಗೆ ಮೊದಲು ಹತ್ತು ನಿಮಿಷ ಬಿಡುವು ಸಿಗಲಿ ಎಂದು ಆ ಪಟ್ಟಿಯನ್ನು ಜೊತೆಯಲ್ಲಿಟ್ಟು ಕೇಳೋಣ. ಬರೆಯಲು ಬಾರದವರ ಹೆಸರನ್ನು ಭಾನುವಾರ ಪೂಜೆಯಾದ ಮೇಲೆ ನಾನು ಬರೆದುಕೊಳ್ಳುತ್ತೇನೆ.