ವಾದ್ಯ ಮಾಡುವವರು

ಸಂಗೀತ ಕಚೇರಿಯ ಆಹ್ವಾನಪತ್ರಿಕೆಗಳಲ್ಲಿ ಹೆಸರುಗಳಿಗೆ ಕೊರತೆಯಿಲ್ಲ. ಹಾಡುವವರು, ಪಿಟೀಲಿನವರು, ಮೃದಂಗದವರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ವಂದನೆ ಅರ್ಪಿಸುವವರು, ಎಲ್ಲರಿಗೂ ಅಲ್ಲಿ ಸ್ಥಳವುಂಟು. ಹಿಂದೆ ಕುಳಿತು ತಂಬೂರಿ ಮೀಟುವವರ ಹೆಸರು ಕೆಲವೊಮ್ಮೆ ಇರುತ್ತದೆ, ಕೆಲವೊಮ್ಮೆ ಇರುವುದಿಲ್ಲ. ಆ ತಂಬೂರಿಯನ್ನು ಮಾಡಿದವರ ಹೆಸರನ್ನು ಮಾತ್ರ ನಾನು ಈವರೆಗೆ ಯಾವ ಆಹ್ವಾನಪತ್ರಿಕೆಯಲ್ಲಿಯೂ ಕಂಡದ್ದಿಲ್ಲ. ಪುಸ್ತಕಗಳ ನಡುವೆ ಬದುಕುವ ನನ್ನಂಥವನಿಗೆ ಇದು ಸೋಜಿಗವೆನಿಸುತ್ತದೆ. ಎಂತಹ ಸಾಮಾನ್ಯ ಕವನ ಸಂಕಲನಕ್ಕೂ ನಮ್ಮಲ್ಲಿ ಮುದ್ರಕರ ಹೆಸರು, ಮುಖಪುಟ ಬರೆದವರ ಹೆಸರು ಹಾಕುವುದು ವಾಡಿಕೆ.

ಸಂಗೀತವೆಂದರೆ ವೇದಿಕೆಯ ಮೇಲಿನ ನಾಲ್ವರು ಎಂಬ ಭಾವನೆ ನಮ್ಮಲ್ಲಿ ಬಹಳ ಆಳಕ್ಕೆ ಬೇರೂರಿದೆ. ಕಾಲೇಜಿನಲ್ಲಿ ಒಳ್ಳೆಯ ಕಿವಿಯುಳ್ಳ ಹುಡುಗ ಹುಡುಗಿಯರು, ಗಾಯಕರಾಗುವಷ್ಟು ಕಂಠ ತಮಗಿಲ್ಲವೆಂದು ತಿಳಿದ ದಿನವೇ ಸಂಗೀತವನ್ನು ಜೀವನೋಪಾಯದ ಲೆಕ್ಕದಿಂದ ಹೊರಗಿಟ್ಟುಬಿಡುತ್ತಾರೆ. ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಗುರುತಿಸಬಲ್ಲ ಕಿವಿ ಬ್ಯಾಂಕಿನ ಪರೀಕ್ಷೆಗೆ ಓದಲು ಹೊರಡುತ್ತದೆ. ಬ್ಯಾಂಕಿನ ಕೆಲಸವನ್ನು ನಾನು ಹಳಿಯುತ್ತಿಲ್ಲ. ತಿಂಗಳ ಸಂಬಳದ ಬೆಲೆ ಅಧ್ಯಾಪಕನಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು? ಆದರೆ ಆ ಕಿವಿಗೆ ಒಪ್ಪುವ ಬೇರೊಂದು ವೃತ್ತಿಯೂ ಈ ನಾಡಿನಲ್ಲಿದೆಯೆಂದು ಅವರಿಗೆ ಹೇಳುವವರೇ ಇಲ್ಲವಲ್ಲ, ಅದು ನನ್ನ ತಕರಾರು.

ತಂಬೂರಿಯನ್ನೇ ತೆಗೆದುಕೊಳ್ಳೋಣ. ಅದರ ಅಂಗಾಂಗಗಳಿಗೆಲ್ಲ ನಮ್ಮ ಭಾಷೆಯಲ್ಲಿ ಹೆಸರಿದೆ: ಬುರುಡೆ, ದಂಡಿಗೆ, ಬಿರಡೆ, ಕುದುರೆ. ತನ್ನ ದೇಹವನ್ನೇ ವಾದ್ಯವಾಗಿಸೆಂದು ಕೂಡಲಸಂಗನನ್ನು ಬೇಡುವ ಬಸವಣ್ಣನವರ ವಚನವನ್ನು ಪಾಠ ಮಾಡುವಾಗ ನಾವು ಭಕ್ತನ ತನ್ಮಯತೆಯನ್ನು ಬಣ್ಣಿಸುತ್ತೇವೆ. ಆ ರೂಪಕದ ಹಿಂದೆ ಮರವನ್ನೂ ಸೋರೆಯನ್ನೂ ತಂತಿಯನ್ನೂ ಹೊಂದಿಸಿ ಕೂಡಿಸುವ ಒಬ್ಬ ಕಾಯಕಜೀವಿ ಕುಳಿತಿದ್ದಾನೆಂಬುದನ್ನು ಹೇಳುವುದಿಲ್ಲ. ಈ ಹೆಸರುಗಳಲ್ಲೆಲ್ಲ ನನಗೆ ಹೆಚ್ಚು ಪ್ರಿಯವಾದುದು ‘ಜೀವಾಳ’. ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ ಇರುವ ನೂಲಿನ ಎಳೆ ಅದು. ಅದನ್ನು ಮೆಲ್ಲಗೆ ಹಿಂದೆ ಮುಂದೆ ಸರಿಸುತ್ತ ಹೋದರೆ, ಯಾವುದೋ ಒಂದು ಸ್ಥಾನದಲ್ಲಿ, ಅಲ್ಲಿಯವರೆಗೆ ಮೊಂಡಾಗಿದ್ದ ನಾದ ಇದ್ದಕ್ಕಿದ್ದಂತೆ ಬಿಚ್ಚಿಕೊಂಡು ಝೇಂಕರಿಸತೊಡಗುತ್ತದೆ. ಕಾವ್ಯದ ಜೀವಾಳ, ಬದುಕಿನ ಜೀವಾಳ ಎಂದು ನಾವು ವಿಮರ್ಶಕರು ದಿನಕ್ಕೆ ಹತ್ತು ಸಲ ಬಳಸುವ ಮಾತು ಆ ನೂಲಿಗೂ ಹೆಸರು. ಉತ್ತರಾದಿಯವರು ಕುದುರೆಯ ಮೈಯ ಆ ಹದಕ್ಕೆ ಜವಾರಿ ಎನ್ನುತ್ತಾರೆ. (ಧಾರವಾಡದ ಕಡೆಯ ಜವಾರಿ ಕೋಳಿಗೂ ಇದಕ್ಕೂ ಗಂಟು ಹಾಕಬಾರದೆಂದು ವಾಚಕರಲ್ಲಿ ವಿನಂತಿ.)

ನೂಲು ಜೀವಾಳವಾಗಬೇಕಾದರೆ ಮೊದಲು ಕುದುರೆಯ ಮೈ ಸಿದ್ಧವಾಗಿರಬೇಕು. ಅದು ಪೂರಾ ಚಪ್ಪಟೆಯಲ್ಲ. ಕಣ್ಣಿಗೆ ಕಾಣಿಸದಷ್ಟು ನವುರಾದ ಇಳಿಜಾರು ಅದಕ್ಕುಂಟು. ಅರದಿಂದ ಎರಡು ಸಲ ಹೆಚ್ಚಾಗಿ ಉಜ್ಜಿದರೆ ನಾದ ಕೆಟ್ಟಿತು. ಉಜ್ಜಬೇಕು, ತಂತಿಯೇರಿಸಿ ಕೇಳಬೇಕು, ಮತ್ತೆ ಇಳಿಸಿ ಉಜ್ಜಬೇಕು, ಅಳತೆಗೋಲು ಕಿವಿಯೊಂದೇ. ಹಿಂದೆ ಇದಕ್ಕೆ ದಂತವೂ ಜಿಂಕೆಯ ಕೊಂಬೂ ಬಳಕೆಯಲ್ಲಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ದಾರಿ ಕ್ರಮೇಣ ಮುಚ್ಚಿತು. ಕರಿಮರ, ಮೂಳೆ, ಕೃತಕ ವಸ್ತುಗಳು ಆ ಸ್ಥಾನಕ್ಕೆ ಬಂದವು. ಒಂದೊಂದರ ಸ್ವಭಾವ ಒಂದೊಂದು ಬಗೆ. ಕೈ ಮತ್ತೆ ಮೊದಲಿನಿಂದ ಪಳಗಬೇಕು. ಬಹಳ ಕಾಲ ನುಡಿಸಿದ ಮೇಲೆ ತಂತಿ ಕುದುರೆಯಲ್ಲಿ ಗೀರು ಕೊರೆದು ನಾದ ಮಂಕಾಗುತ್ತದೆ, ಗಾಯಕ ಮತ್ತೆ ಅದೇ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ. ತನ್ನ ಸ್ವರವನ್ನು ತೂಗುವ ತಕ್ಕಡಿಯನ್ನೇ ಅವನು ಇನ್ನೊಬ್ಬನ ಕಿವಿಗೆ ಒಪ್ಪಿಸಿರುತ್ತಾನೆ.

ಈ ವಿದ್ಯೆಗೆ ದೇಶದಲ್ಲೆಲ್ಲ ಹೆಸರಾದ ಊರು, ನಮ್ಮ ಕಾಗವಾಡದಿಂದ ಗಡಿ ದಾಟಿದರೆ ಸಿಗುವ ಮೀರಜ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರರು 19ನೆಯ ಶತಮಾನದಲ್ಲಿ, ಕತ್ತಿಯ ಕಾಲ ಮುಗಿಯುತ್ತ ಬಂದಾಗ, ವಾದ್ಯಗಳನ್ನು ರಿಪೇರಿ ಮಾಡತೊಡಗಿ ಆಮೇಲೆ ತಾವೇ ನಿರ್ಮಿಸತೊಡಗಿದರು. ಫರೀದ್ ಸಾಹೇಬರ ಹೆಸರನ್ನು ಅಲ್ಲಿ ಮೂಲಪುರುಷರದೆಂದು ಹೇಳುತ್ತಾರೆ. ಪಂಢರಪುರದ ಕಡೆಯ ಹೊಲಗಳಲ್ಲಿ ಬೆಳೆದ ಭಾರಿ ಸೋರೆಗಳನ್ನು ಒಣಗಿಸಿ ತಂದು, ಕೊಯ್ದು, ನೀರಿನಲ್ಲಿ ನೆನೆಸಿ ಹದಕ್ಕೆ ಬಾಗಿಸಿ, ತುಣ್ ಮರದ ದಂಡಿಗೆಗೆ ಕೂಡಿಸುತ್ತಾರೆ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ನೆಲೆಸಿದ್ದುದು ಇದೇ ಊರಿನಲ್ಲಿ. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಇರುವುದೂ ಇಲ್ಲಿಯ ದರ್ಗಾದಲ್ಲಿ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು, ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ಲರು ಮತ್ತು ಭೀಮಸೇನ ಜೋಶಿಯವರು. ಈ ವಂಶವೃಕ್ಷ ನಮ್ಮ ಸಂಗೀತದ ವಿದ್ಯಾರ್ಥಿಗಳಿಗೆ ಬಾಯಿಪಾಠ. ಅದೇ ಊರಿನಲ್ಲಿ, ಹೆಚ್ಚು ಕಡಿಮೆ ಅದೇ ಕಾಲದುದ್ದಕ್ಕೂ, ತಂದೆಯಿಂದ ಮಗನಿಗೆ ಹರಿದುಬಂದ ಇನ್ನೊಂದು ವಂಶವೃಕ್ಷಕ್ಕೆ ನಮ್ಮ ಪಠ್ಯಗಳಲ್ಲಿ ಎಷ್ಟು ಪುಟ ದೊರೆತಿದೆ? ಕಿರಾಣಾ ಗಾಯನದ ಪ್ರಾಣವಿರುವುದು ಸ್ವರದ ಸೂಕ್ಷ್ಮತೆಯಲ್ಲಿ ಎನ್ನುತ್ತೇವೆ. ಆ ಸೂಕ್ಷ್ಮತೆ ಕೆಟ್ಟ ತಂಬೂರಿಯ ಮುಂದೆ ಅರಳುತ್ತಿತ್ತೆ?

ಮೃದಂಗದ ವಿಷಯ ಇದಕ್ಕಿಂತಲೂ ಇರಿಸುಮುರಿಸಿನದು. ಬಿಗಿದ ಬರಿಯ ಚರ್ಮ ಸುಸ್ವರವಾಗಿ ನುಡಿಯದು. ಅದರ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಬಲಮುಖದ ನಡುವೆ ಪದರಪದರವಾಗಿ ಹಚ್ಚುವ ಕಪ್ಪು ಕರಣೆ ಅವುಗಳನ್ನು ಹೊಂದಿಸುತ್ತದೆ. ಇದನ್ನು ಸಿ.ವಿ. ರಾಮನ್ನರು 1920ರಲ್ಲಿ ಸಹಲೇಖಕರೊಬ್ಬರೊಡನೆ ಬರೆದು, 1934ರಲ್ಲಿ ಬೆಂಗಳೂರಿನಲ್ಲಿದ್ದಾಗ ಮತ್ತೆ ವಿಸ್ತರಿಸಿದರು. ತಂಬೂರಿ ಮತ್ತು ವೀಣೆಯ ಕುದುರೆಯ ವಿಶೇಷವನ್ನು ಕುರಿತು 1921ರಲ್ಲಿ ಅವರು ಬರೆದ ಲೇಖನವೂ ಇದೆ. ಭೌತವಿಜ್ಞಾನಿ ವಿವರಿಸಿದ್ದು ಸರಿ, ಕಂಡುಹಿಡಿದವರು ಯಾರು? ಹಸು, ಆಡು, ಎಮ್ಮೆಗಳ ಚರ್ಮವನ್ನು ಕೈಯಾರೆ ಹದಮಾಡಿ, ಕಲ್ಲಿನ ಪುಡಿಯನ್ನೂ ಅನ್ನವನ್ನೂ ಅರೆದು, ಉಜ್ಜಿ ಉಜ್ಜಿ ನಾದವನ್ನು ಹೊರಡಿಸಿದವರು. ತಮಿಳುನಾಡಿನಲ್ಲಿ ಈ ಕೆಲಸ ಮಾಡುವವರಲ್ಲಿ ಹೆಚ್ಚಿನವರು ದಲಿತ ಕ್ರೈಸ್ತರು. ನುಡಿಸಿ ಕೀರ್ತಿ ಪಡೆದವರಲ್ಲಿ ಬ್ರಾಹ್ಮಣರೇ ಬಹಳ. ಪಾಲ್ಘಾಟ್ ಮಣಿ ಅಯ್ಯರರ ನಾದದ ಹಿಂದೆ ಪರ್ಲಾಂದು ಎಂಬ ಕುಶಲಕರ್ಮಿ ಇದ್ದರೆಂಬುದನ್ನು ಬಹುಜನರು ಅರಿತದ್ದು ಟಿ.ಎಂ. ಕೃಷ್ಣ ಅವರು 2020ರಲ್ಲಿ ಮೃದಂಗ ಮಾಡುವವರನ್ನು ಕುರಿತು ಬರೆದ ಪುಸ್ತಕದಿಂದ. ಆ ಪುಸ್ತಕದ ಬಿಡುಗಡೆಗೆ ಮೊದಲು ಸಭಾಂಗಣ ಕೊಡಲು ಒಪ್ಪಿದ್ದ ಚೆನ್ನೈನ ಕಲಾಕ್ಷೇತ್ರ ಆಮೇಲೆ ನಿರಾಕರಿಸಿತು. ಗೋವಿನ ಚರ್ಮದಿಂದ ಮೃದಂಗವಾಗಬಹುದು, ಆ ಮೃದಂಗ ಪೂಜೆಯ ವೇಳೆಯಲ್ಲಿ ನುಡಿಯಬಹುದು, ಆ ಮಾತನ್ನು ಬಾಯಿಬಿಟ್ಟು ಆಡಬಾರದು!

ವಿದ್ಯಾವಂತರ ಮಕ್ಕಳು ಈ ವೃತ್ತಿಗೆ ಬಾರದಿರಲು ಕೂಲಿ ಕಡಿಮೆಯೆಂಬುದಷ್ಟೇ ಕಾರಣವಲ್ಲ. ಅರ ಹಿಡಿಯುವುದು, ಚರ್ಮ ಮುಟ್ಟುವುದು ಕೀಳು ಕೆಲಸವೆಂದು ನಾವು ಹೇಳದೆಯೇ ಹೇಳಿಕೊಟ್ಟಿದ್ದೇವೆ. ಆ ಮನೆಗಳ ಮಕ್ಕಳೂ ಈಗ ಓದುತ್ತಾರೆ, ನಮ್ಮದೇ ಪಾಠವನ್ನು ಕಲಿಯುತ್ತಾರೆ, ಬೇರೆ ಕೆಲಸ ಹುಡುಕುತ್ತಾರೆ. ಅವರನ್ನು ತಪ್ಪೆನ್ನುವ ಅಧಿಕಾರ ನಮಗಿಲ್ಲ. ಜಾತಿ ತಲೆಗೆ ಕಟ್ಟಿದ ಕಸುಬನ್ನು ಬಿಡುವ ಸ್ವಾತಂತ್ರ್ಯ ಅವರಿಗಿರಲೇಬೇಕು. ಜಾತಿಯ ಹಂಗಿಲ್ಲದೆ ಅದನ್ನು ಆರಿಸಿಕೊಳ್ಳುವ ಧೈರ್ಯ ಇತರರಿಗೂ ಬರಬೇಕು.

ಇನ್ನು ಯಂತ್ರದ ಮಾತು. ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು ಬೆಂಗಳೂರಿನಲ್ಲಿ 1979ರಲ್ಲಿ ವಿದ್ಯುನ್ಮಾನ ತಂಬೂರಿಯನ್ನು ರೂಪಿಸಿದರು. ಈಗ ಜೇಬಿನ ದೂರವಾಣಿಯಲ್ಲಿಯೇ ತಂಬೂರಿ ನುಡಿಯುತ್ತದೆ. ಹಾಸ್ಟೆಲಿನ ಕೋಣೆಯಲ್ಲಿ ಅಭ್ಯಾಸ ಮಾಡುವ ಬಡ ವಿದ್ಯಾರ್ಥಿನಿಗೆ ಇದೊಂದು ವರವೆಂಬುದರಲ್ಲಿ ಸಂದೇಹವಿಲ್ಲ, ಇದನ್ನು ಬೈಯುವ ರಸಿಕರೊಡನೆ ನಾನು ದನಿಗೂಡಿಸಲಾರೆ. ಅದನ್ನು ಮಾಡಿದ್ದೂ ವಾದ್ಯನಿರ್ಮಾಣವೇ ತಾನೆ? ಆದರೂ ಒಂದು ಲೆಕ್ಕ ಉಳಿಯುತ್ತದೆ. ವಿದ್ಯಾರ್ಥಿಗಳು ಕೊಳ್ಳುವ ಸಾಧಾರಣ ತಂಬೂರಿಗಳಿಂದಲೇ ಅಂಗಡಿಯ ಒಲೆ ಉರಿಯಬೇಕು. ವಿದ್ವಾಂಸರು ಕೊಳ್ಳುವ ಉತ್ತಮ ಜೋಡಿ ವರ್ಷಕ್ಕೆಷ್ಟು ಬಂದೀತು? ಸಾಧಾರಣವಾದುದು ನಿಂತರೆ ಉತ್ತಮವಾದುದನ್ನು ಮಾಡುವ ಕೈ ಪಳಗುವುದೆಲ್ಲಿ?

ಸರಕಾರಗಳು ಏನೂ ಮಾಡಿಲ್ಲವೆನ್ನಲಾಗದು. ತಂಜಾವೂರಿನ ವೀಣೆಗೆ 2013ರಲ್ಲಿ, ಮೀರಜದ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಸಂಗೀತ ನಾಟಕ ಅಕಾಡೆಮಿ ವಾದ್ಯ ಮಾಡುವವರಿಗೂ ಪ್ರಶಸ್ತಿ ಕೊಡುವುದುಂಟು. ಆದರೆ ಸೂಚಿ ಕಾಯುವುದು ಊರಿನ ಹೆಸರನ್ನು. ಅರ ಹಿಡಿದವರ ಕೂಲಿಯನ್ನಲ್ಲ.

ನಮ್ಮ ಸಂಗೀತ ವಿಭಾಗಗಳು ಮಾಡಬಹುದಾದುದು ಬೇರೆ ಇದೆ. ಪದವಿಯಿಲ್ಲದಿದ್ದರೂ ಅನುಭವದಿಂದ ಪರಿಣತರಾದವರನ್ನು ಪ್ರಾಧ್ಯಾಪಕರನ್ನಾಗಿ ಕರೆದುಕೊಳ್ಳಲು ಯು.ಜಿ.ಸಿ. 2022ರಲ್ಲಿ ದಾರಿ ಮಾಡಿಕೊಟ್ಟಿತು. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ಲರ ಹೆಸರಿನ ಸಂಗೀತ ವಿಶ್ವವಿದ್ಯಾನಿಲಯವೇ ಇದೆ. ಮೀರಜದ ಒಬ್ಬ ಉಸ್ತಾದರು, ಮೃದಂಗಕ್ಕೆ ಮುಚ್ಚಿಗೆ ಹಾಕುವ ಒಬ್ಬ ಹಿರಿಯರು ಅಂತಹ ಕಡೆ ವರ್ಷಕ್ಕೆ ನಾಲ್ಕಾರು ತಿಂಗಳು, ಇತರ ಪ್ರಾಧ್ಯಾಪಕರ ಸರಿಸಮನಾದ ಸಂಬಳದಲ್ಲಿ, ಅದೇ ಕುರ್ಚಿಯಲ್ಲಿ ಕುಳಿತು ಕಲಿಸಲಿ. ಬಂದ ವಿದ್ಯಾರ್ಥಿಗಳೆಲ್ಲ ವಾದ್ಯನಿರ್ಮಾಪಕರಾಗಬೇಕಿಲ್ಲ. ನೂರರಲ್ಲಿ ಇಬ್ಬರು ಆ ಹಾದಿ ಹಿಡಿದರೂ ಬಹಳವಾಯಿತು. ಉಳಿದವರ ಪ್ರಾಯೋಗಿಕ ಪರೀಕ್ಷೆಯಲ್ಲಿ, ರಾಗಾಲಾಪನೆ ಆರಂಭವಾಗುವ ಮೊದಲು, ತಂಬೂರಿಗೆ ತಾವೇ ಜೀವಾಳ ಕೂಡಿಸಿ ತೋರಿಸುವುದಕ್ಕೆ ಹತ್ತು ಅಂಕ ಇಡಲಿ.