ಪ್ರಬಂಧಕ್ಕೆ ಬೇಕಾದುದು ಅಚ್ಚಲ್ಲ, ಪ್ರಶ್ನೆ

ಕನ್ನಡ ಶಾಲೆಗಳಲ್ಲಿ ಓದಿದ ಯಾರಿಗೇ ಆಗಲಿ, ಪ್ರಬಂಧವೆಂದೊಡನೆ ಮೂರು ಶೀರ್ಷಿಕೆಗಳು ನೆನಪಾಗುತ್ತವೆ: ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ವಿಷಯ ಗ್ರಂಥಾಲಯಗಳ ಮಹತ್ವವಿರಲಿ, ರಾಷ್ಟ್ರೀಯ ಹಬ್ಬಗಳಿರಲಿ, ಪರಿಸರ ಮಾಲಿನ್ಯವಿರಲಿ, ಎಲ್ಲವೂ ಈ ಮೂರು ಕೋಣೆಗಳಲ್ಲಿಯೇ ಅಡಗಬೇಕು. ಹದಿನೈದರ ಬಾಲಕನಿಗೆ ಈ ಕ್ರಮ ಊರುಗೋಲಾಗಿ ನೆರವಾಗುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಪದವಿ ಮುಗಿಸಿ ಆಡಳಿತ ಸೇವೆಯ ಪರೀಕ್ಷೆಗೆ ಕೂರುವ ಇಪ್ಪತ್ತೈದರ ತರುಣ ತರುಣಿಯರೂ ಅದೇ ಊರುಗೋಲನ್ನು ಹಿಡಿದು ನಡೆಯುತ್ತಿರುವುದು ಚಿಂತಿಸಬೇಕಾದ ಸಂಗತಿ.

ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿ ಭಾರತೀಯ ಭಾಷೆಗಳಲ್ಲಿ ಉತ್ತರಿಸುವ ಅವಕಾಶ ದೊರೆತದ್ದು 1979ರಲ್ಲಿ, ಕೊಠಾರಿ ಸಮಿತಿಯ ಶಿಫಾರಸಿನ ಫಲವಾಗಿ. ಸತೀಶ್ ಚಂದ್ರ ಸಮಿತಿಯ ವರದಿಯ ನಂತರ, 1993ರಲ್ಲಿ, ಮುಖ್ಯ ಪರೀಕ್ಷೆಗೆ ಪ್ರಬಂಧ ಪತ್ರಿಕೆ ಸೇರಿತು. ಆಗ ಅದಕ್ಕಿದ್ದದ್ದು 200 ಅಂಕ. 2013ರಲ್ಲಿ 250 ಆಯಿತು. 2014ರಿಂದ ಮೂರು ಗಂಟೆಯೊಳಗೆ ತಲಾ 125 ಅಂಕಗಳ ಎರಡು ಪ್ರಬಂಧಗಳನ್ನು ಬರೆಯಬೇಕು. ಅವನ್ನು ಕನ್ನಡದಲ್ಲಿಯೇ ಬರೆಯಬಹುದು. ವಿಷಯವನ್ನು ಬಿಟ್ಟು ಅಲೆಯಬಾರದು, ವಿಚಾರಗಳನ್ನು ಕ್ರಮವಾಗಿ ಜೋಡಿಸಬೇಕು, ಅಡಕವಾಗಿ ಮತ್ತು ಖಚಿತವಾಗಿ ಬರೆಯಬೇಕು ಎಂಬಷ್ಟನ್ನೇ ಪಠ್ಯಕ್ರಮ ಕೇಳುತ್ತದೆ. ಮಹನೀಯರ ಸೂಕ್ತಿಗಳನ್ನು ಪೋಣಿಸಬೇಕೆಂದು ಅದು ಎಲ್ಲಿಯೂ ಹೇಳಿಲ್ಲ.

ಆದರೂ ಬೆಂಗಳೂರಿನ ವಿಜಯನಗರದಿಂದ ಧಾರವಾಡದವರೆಗೆ ತರಬೇತಿಯ ಟಿಪ್ಪಣಿಗಳನ್ನು ತಿರುವಿ ಹಾಕಿದರೆ ಕಾಣುವುದು ಬಹುಮಟ್ಟಿಗೆ ಒಂದೇ ಅಚ್ಚು. ಮೊದಲಿಗೆ ಗಾಂಧೀಜಿಯವರದೋ ಅಂಬೇಡ್ಕರರದೋ ಒಂದು ಉಕ್ತಿ; ನಂತರ ಸಾಮಾಜಿಕ, ಆರ್ಥಿಕ, ರಾಜಕೀಯ, ತಾಂತ್ರಿಕ ಎಂಬ ಆಯಾಮಗಳು; ಕೊನೆಯಲ್ಲಿ ಸಮತೋಲನದ ಹಾದಿಯೇ ಶ್ರೇಯಸ್ಕರ ಎಂಬ ಮಂಗಳಾರತಿ. ಇಂಥ ಪ್ರಬಂಧವನ್ನು ಇಂದು ಕೃತಕ ಬುದ್ಧಿಮತ್ತೆಯ ತಂತ್ರಾಂಶ ಕ್ಷಣಾರ್ಧದಲ್ಲಿ ಸಿದ್ಧಪಡಿಸಿ ಕೊಡುತ್ತದೆ. ಯಂತ್ರ ಕ್ಷಣದಲ್ಲಿ ಮಾಡುವುದನ್ನು ಮನುಷ್ಯನಿಂದ ಮೂರು ಗಂಟೆ ಮಾಡಿಸಿ ಅಳೆಯುವುದಾದರೂ ಏನನ್ನು? ಮಿಕ್ಕ ಪತ್ರಿಕೆಗಳು ಬಹುಪಾಲು ಅಭ್ಯರ್ಥಿ ಓದಿದ್ದನ್ನು ಅಳೆಯುತ್ತವೆ. ಅವನು ತಾನಾಗಿ ಯೋಚಿಸಬಲ್ಲನೇ ಎಂದು ದೀರ್ಘವಾಗಿ ನೋಡಲು ಇರುವುದು ಇದೊಂದೇ. ನಾಳೆ ಜಿಲ್ಲೆಯೊಂದರ ಆಡಳಿತ ನಡೆಸುವವರಲ್ಲಿ ಆ ಗುಣ ಇದೆಯೋ ಇಲ್ಲವೋ ಎಂಬುದು ಸಣ್ಣ ಪ್ರಶ್ನೆಯಲ್ಲ.

ಪ್ರಬಂಧವೆಂಬ ಪದವನ್ನೇ ಸ್ವಲ್ಪ ಬಿಡಿಸಿ ನೋಡಬೇಕು. ಸಂಸ್ಕೃತ ಮೂಲದ ಈ ಪದಕ್ಕೆ ಚೆನ್ನಾಗಿ ಕಟ್ಟಿದ್ದು, ಹೆಣೆದದ್ದು ಎಂಬ ಅರ್ಥವಿದೆ. ಇಂಗ್ಲಿಷಿನ 'ಎಸ್ಸೆ' ಬಂದದ್ದು ಫ್ರೆಂಚ್ ಭಾಷೆಯಿಂದ. ಅಲ್ಲಿ ಅದರ ಅರ್ಥ ಪ್ರಯತ್ನ, ಪರೀಕ್ಷಿಸಿ ನೋಡುವುದು. 1580ರಲ್ಲಿ ತನ್ನ ಬರಹಗಳಿಗೆ ಆ ಹೆಸರಿಟ್ಟು ಪ್ರಕಟಿಸಿದ ಮಾಂಟೇನ್ ಕೂಡ ಆಡಳಿತ ಬಲ್ಲವನೇ. ಬೋರ್ಡೋದಲ್ಲಿ ನ್ಯಾಯಾಧಿಕಾರಿಯಾಗಿದ್ದು, ಮುಂದೆ ಆ ನಗರದ ಮೇಯರ್ ಆದವನು. ಆತ 1588ರಲ್ಲಿ ಗ್ರಂಥವನ್ನು ಹಿಗ್ಗಿಸಿದ; 1592ರಲ್ಲಿ ತೀರಿಕೊಳ್ಳುವವರೆಗೂ ಅದರ ಅಂಚುಗಳಲ್ಲಿ ಬರೆದು ಸೇರಿಸುತ್ತಲೇ ಇದ್ದ. ಬರೆಯುವ ಕ್ರಿಯೆ ಈ ಎರಡು ಅರ್ಥಗಳನ್ನೂ ಒಳಗೊಂಡಿದೆ. ಮೊದಲು ಪ್ರಯತ್ನ, ಆಮೇಲೆ ಬಂಧ. ನಮ್ಮ ತರಗತಿಗಳು ಪ್ರಯತ್ನವನ್ನು ಬಿಟ್ಟು ಬಂಧವನ್ನಷ್ಟೇ ಕಲಿಸುತ್ತವೆ. ಏನನ್ನು ಕಟ್ಟಬೇಕೆಂದು ತಿಳಿಯುವ ಮೊದಲೇ ಹಗ್ಗ ಕೈಗೆ ಬರುತ್ತದೆ.

ಈ ಪ್ರಯತ್ನದ ಹಾದಿ ಎಲ್ಲರಿಗೂ ಒಂದೇ ಅಲ್ಲ. ಕೆಲವರ ಮನಸ್ಸು ನಕ್ಷೆ ಹಾಕಿಕೊಳ್ಳದೆ ಹೆಜ್ಜೆ ಇಡದು. ಕೆಲವರಿಗೆ ನಾಲ್ಕು ಪುಟ ಗೀಚಿದ ಮೇಲೆಯೇ ತಾವು ಹೇಳಬೇಕಾದುದು ಹೊಳೆಯುತ್ತದೆ. ಇನ್ನು ಕೆಲವರು ಯಾರಿಗಾದರೂ ಬಾಯಲ್ಲಿ ಹೇಳಿ ನೋಡಿದ ಹೊರತು ಬರೆಯಲಾರರು. ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಬಲ್ಲ ಒಂದು ನಿದರ್ಶನವಿದೆ. ಮೊಮ್ಮಕ್ಕಳ ಕಾಲದ ಆರ್ಥಿಕ ಸಾಧ್ಯತೆಗಳನ್ನು ಕುರಿತ ಕೇನ್ಸ್‌ನ ಪ್ರಸಿದ್ಧ ಪ್ರಬಂಧ ಅಚ್ಚಾದದ್ದು 1930ರಲ್ಲಿ. ಆದರೆ 1928ರಲ್ಲಿಯೇ ಅವನು ಅದನ್ನು ವಿದ್ಯಾರ್ಥಿಗಳ ಮುಂದೆ ಉಪನ್ಯಾಸವಾಗಿ ಹೇಳಿದ್ದ. ತಿದ್ದಿ, ಮತ್ತೆ ಹೇಳಿ, ಆಮೇಲೆ ಮುದ್ರಣಕ್ಕೆ ಕೊಟ್ಟ. ಕೆಲವೇ ಪುಟಗಳ ಆ ಬರಹದ ಹಿಂದೆ ಸುಮಾರು ಎರಡು ವರ್ಷಗಳ ಪ್ರಯತ್ನವಿದೆ.

ನನ್ನ ಕ್ರಮ ರೂಪುಗೊಂಡದ್ದು ಸರ್ಕಾರಿ ಕಡತಗಳಲ್ಲಿ. ಪ್ರಕರಣದ ಹಿನ್ನೆಲೆ, ಅನ್ವಯಿಸುವ ನಿಯಮ, ಪೂರ್ವನಿದರ್ಶನ, ಇರುವ ಪರ್ಯಾಯಗಳು, ಶಿಫಾರಸು: ಒಳ್ಳೆಯ ಟಿಪ್ಪಣಿಯ ಮೈಕಟ್ಟು ಇದು. ನಿರ್ಧಾರವಾಗಬೇಕಾದ ಪ್ರಶ್ನೆ ಯಾವುದೆಂದು ಮೊದಲು ಗುರುತಿಸುವ ಶಿಸ್ತನ್ನು ಅದು ಕಲಿಸುತ್ತದೆ. ಆದರೆ 'ಪರಿಶೀಲಿಸಬಹುದಾಗಿದೆ', 'ಸೂಕ್ತವೆನಿಸುತ್ತದೆ' ಎಂಬ ಮಾತುಗಳ ಮರೆಯಲ್ಲಿ ಬರೆದವನು ಅಡಗಿಕೊಳ್ಳುವುದನ್ನೂ ಅದೇ ಕಲಿಸುತ್ತದೆ. ಪ್ರಬಂಧಕ್ಕೆ ಮೊದಲನೆಯದು ಬೇಕು, ಎರಡನೆಯದು ಸಲ್ಲದು. ಹಾಗಾಗಿ ನಾನು ಕೊಟ್ಟ ವಿಷಯವನ್ನು ಮೊದಲು ಒಂದು ಪ್ರಶ್ನೆಯಾಗಿ ತಿರುಗಿಸುತ್ತೇನೆ. ಇಬ್ಬರು ವಿವೇಕಿಗಳು ಭಿನ್ನವಾಗಿ ಉತ್ತರಿಸಬಹುದಾದ ಪ್ರಶ್ನೆಯಾಗಿ. ಹಾಳೆಯ ಒಂದು ಬದಿಯಲ್ಲಿ ಓದಿದ್ದನ್ನು, ಇನ್ನೊಂದು ಬದಿಯಲ್ಲಿ ಕಣ್ಣಾರೆ ಕಂಡದ್ದನ್ನು ಬರೆದುಕೊಳ್ಳುತ್ತೇನೆ. ನನ್ನ ನಿಲುವಿಗೆ ವಿರುದ್ಧವಾದ ಅತ್ಯಂತ ಬಲವಾದ ವಾದವನ್ನು ಮೊದಲೇ ಬರೆದಿಡುತ್ತೇನೆ. ಪೀಠಿಕೆ ಬರೆಯುವುದು ಎಲ್ಲಕ್ಕಿಂತ ಕೊನೆಗೆ.

ಈ ಕ್ರಮ ಇನ್ನೊಬ್ಬರಿಗೆ ಒಗ್ಗಬೇಕೆಂದೇನೂ ಇಲ್ಲ. ಅವರವರದನ್ನು ಅವರವರೇ ಕಂಡುಕೊಳ್ಳಬೇಕು. ಅದಕ್ಕೆ ದುಬಾರಿ ಉಪಾಯವೂ ಬೇಡ. ಒಂದೇ ವಿಷಯವನ್ನು ಮೂರು ವಾರ ಮೂರು ರೀತಿಯಲ್ಲಿ ಬರೆದು ನೋಡಲಿ: ಒಮ್ಮೆ ನಕ್ಷೆ ಹಾಕಿಕೊಂಡು, ಒಮ್ಮೆ ನೇರವಾಗಿ, ಒಮ್ಮೆ ಗೆಳೆಯನಿಗೆ ವಿವರಿಸಿದ ಬಳಿಕ. ಲೇಖನಿ ಎಲ್ಲಿ ನಿಂತಿತು, ಯಾವ ವಾಕ್ಯ ತನ್ನದೆನಿಸಿತು ಎಂದು ಗುರುತು ಹಾಕಿಕೊಳ್ಳಲಿ. ಹಾದಿ ತಾನಾಗಿ ಗೋಚರಿಸುತ್ತದೆ.

ಒಂದು ಉದಾಹರಣೆ ಕೊಡುವುದು ಉಚಿತ. ಅಭಿವೃದ್ಧಿ ಮತ್ತು ಪರಿಸರ ಎಂಬುದು ಪರೀಕ್ಷೆಗಳಲ್ಲಿ ಸವೆದುಹೋದ ವಿಷಯ. ಬರಪೀಡಿತ ಪಾವಗಡದ ಒಬ್ಬ ಅಭ್ಯರ್ಥಿಯನ್ನು ಊಹಿಸಿಕೊಳ್ಳೋಣ. ಅಚ್ಚನ್ನು ನಂಬಿದರೆ ಅವನು ಸುಸ್ಥಿರ ಅಭಿವೃದ್ಧಿಯ ವ್ಯಾಖ್ಯೆಯಿಂದ ಆರಂಭಿಸುತ್ತಾನೆ. ಆದರೆ ಅವನ ತಾಲ್ಲೂಕಿನಲ್ಲಿಯೇ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಅಲ್ಲಿ ರೈತರ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳದೆ ಗುತ್ತಿಗೆಗೆ ಪಡೆಯಲಾಯಿತು. ಒಡೆತನ ಅವರಲ್ಲೇ ಉಳಿದು, ವರ್ಷಕ್ಕಿಷ್ಟು ಎಂದು ಬಾಡಿಗೆ ಬರುತ್ತದೆ. ಮಳೆಯನ್ನು ನಂಬಿ ಸೋತವರಿಗೆ ಇದು ಸಣ್ಣ ಆಸರೆಯಲ್ಲ. ಹಾಗಾದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಸ್ವಂತ ಭೂಮಿಯಿಲ್ಲದವನ ಪಾಲಿಗೆ ಬಂದದ್ದೇನು? ಅಲ್ಲಿ ಕುರಿ ಮೇಯಿಸುತ್ತಿದ್ದವನಿಗೆ? ಈ ಪ್ರಶ್ನೆ ಎತ್ತಿದ ಕೂಡಲೇ ವಿಷಯಕ್ಕೆ ಜೀವ ಬರುತ್ತದೆ. ಅಭಿವೃದ್ಧಿಯ ಲಾಭ ಒಡೆತನದ ಮೂಲಕ ಹರಿಯಬೇಕೋ, ದುಡಿಮೆಯ ಮೂಲಕ ಹರಿಯಬೇಕೋ ಎಂಬ ಅರ್ಥಶಾಸ್ತ್ರದ ಹಳೆಯ ತೊಡಕು ಅವನ ಊರಿನ ಅಂಚಿನಲ್ಲಿಯೇ ಎದ್ದು ನಿಲ್ಲುತ್ತದೆ. ದುರ್ದೈವವೆಂದರೆ, ಹಳ್ಳಿಯಿಂದ ಬಂದ ಎಷ್ಟೋ ಪ್ರತಿಭಾವಂತರು ತಮ್ಮ ಈ ಬಂಡವಾಳವನ್ನು ಪರೀಕ್ಷಾ ಕೊಠಡಿಯ ಹೊರಗೆ ಚಪ್ಪಲಿಯಂತೆ ಬಿಟ್ಟು ಒಳಗೆ ಹೋಗುತ್ತಾರೆ.

ಇದಕ್ಕೆ ಆಕ್ಷೇಪಣೆ ಬರುವುದು ಸಹಜ. ಸಾವಿರಾರು ಉತ್ತರ ಪತ್ರಿಕೆಗಳನ್ನು ಒಂದೇ ಅಳತೆಗೋಲಿನಿಂದ ತೂಗಬೇಕಾದಾಗ ಮಾದರಿಯಿಲ್ಲದೆ ಆಗದು. ಮನೆಯಲ್ಲಿ ಓದಿನ ವಾತಾವರಣವಿಲ್ಲದ ವಿದ್ಯಾರ್ಥಿಗೆ ಸಿದ್ಧ ಚೌಕಟ್ಟೇ ಆಧಾರ ಎನ್ನುವವರಿದ್ದಾರೆ. ಮಾತಿನಲ್ಲಿ ತಥ್ಯವಿದೆ. ಚೌಕಟ್ಟು ಕೂಡದೆಂದು ನಾನು ಹೇಳುತ್ತಿಲ್ಲ; ಅದು ವಿಚಾರದ ನಂತರ ಬರಲಿ ಎನ್ನುತ್ತಿದ್ದೇನೆ. ಎಲ್ಲರಿಗೂ ಒಂದೇ ಅಚ್ಚು ಸಿಕ್ಕಿದ ಮೇಲೆ ಅದರಿಂದ ಯಾರಿಗೂ ಮೇಲುಗೈ ದೊರೆಯದು. ತರಬೇತಿಯ ಶುಲ್ಕ ಕಟ್ಟಲಾರದವನಿಗೂ ತನ್ನ ಅನುಭವ ಮತ್ತು ತನ್ನ ಭಾಷೆ ಉಚಿತವಾಗಿ ದಕ್ಕಿರುತ್ತವೆ.

ಬದಲಾವಣೆ ಆರಂಭವಾಗಬೇಕಾದುದು ಪ್ರೌಢಶಾಲೆಯಲ್ಲಿ. ವರ್ಷಕ್ಕೆ ಹತ್ತು ವಿಷಯಗಳನ್ನು ಬಾಯಿಪಾಠ ಮಾಡಿಸುವ ಬದಲು ನಾಲ್ಕನ್ನು ಕೊಟ್ಟು, ಪ್ರತಿಯೊಂದನ್ನೂ ಎರಡು ಸಲ ಬರೆಸಲಿ. ಮೊದಲ ಕರಡಿಗೆ ಅಂಕ ಬೇಡ. ಅಲ್ಲಿ ಮಗು ಎತ್ತಿದ ಒಂದು ಪ್ರಶ್ನೆಗೆ ಶಿಕ್ಷಕರು ಗೆರೆ ಎಳೆದರೆ ಸಾಕು. ಎರಡನೆಯ ಬರಹ ಆ ಪ್ರಶ್ನೆಯ ಬೆನ್ನು ಹತ್ತಲಿ. ಇದಕ್ಕೆ ಹೊಸ ಪಠ್ಯಪುಸ್ತಕವೂ ಬೇಡ, ಅನುದಾನವೂ ಬೇಡ. ಹೀಗೆ ಪಳಗಿದವರು ಮುಂದೆ ಅಧಿಕಾರಿಗಳಾದರೆ, ತಮ್ಮ ಮುಂದೆ ಬರುವ ಕಡತಗಳಲ್ಲಿಯೂ ಸಿದ್ಧ ಉತ್ತರಕ್ಕೆ ಸಹಿ ಹಾಕುವ ಮೊದಲು ಪ್ರಶ್ನೆ ಸರಿಯಿದೆಯೇ ಎಂದು ನೋಡಿಯಾರು.