ಗಿಟಾರಿನ ಪೆಡಲ್, ಮೈಕದವರ ಹಾರ್ನ್

ಕ್ರಿಸ್ಮಸ್ ಮುಗಿದ ಮೂರನೇ ದಿನ ಸಂಜೆ, ಸಿದ್ಧಕಟ್ಟೆಯ ನಮ್ಮ ಮನೆಯ ಜಗಲಿಗೆ ತಂದೆ ಮಗ ಇಬ್ಬರೂ ಬಂದರು. ಮಗ ದ್ವಿತೀಯ ಪಿಯುಸಿ, ನನ್ನ ಹಳೆಯ ವಿದ್ಯಾರ್ಥಿ. ಅವನ ಕೈಯಲ್ಲಿ ಮೂರು ತಿರುಗುಗುಂಡಿಗಳಿದ್ದ ಒಂದು ಕಿತ್ತಳೆ ಬಣ್ಣದ ಲೋಹದ ಡಬ್ಬಿ. ತಂದೆಯ ಮುಖದಲ್ಲಿ ಸಿಟ್ಟು.

“ಮಾಷ್ಟ್ರೇ, ಇದು ಇವನ ಅಣ್ಣ ದುಬೈಯಿಂದ ಕಳಿಸಿದ್ದು. ಇದನ್ನು ಸಿಕ್ಕಿಸಿ ಮೈಕದವರ ಒಂದು ಹಾರ್ನ್ ಯೂನಿಟ್ ಸುಟ್ಟು ಹಾಕಿದ್ದಾನೆ. ದುಡ್ಡು ಕೊಟ್ಟದ್ದು ನಾನು. ಇದು ಡೂಪ್ಲಿಕೇಟ್ ಮಾಲಾ, ಅಲ್ಲ ಇವನ ತಲೆಯೇ ಸರಿ ಇಲ್ಲವಾ, ನೀವೇ ನೋಡಿ.”

ಡಬ್ಬಿ ಡಿಸ್ಟಾರ್ಶನ್ ಪೆಡಲ್. ಗಿಟಾರಿನ ಸ್ವರವನ್ನು ಬೇಕೆಂದೇ ಒರಟು ಮಾಡುವ ಸಾಧನ. ಸ್ವರ ಕೆಡಿಸುವುದಕ್ಕೂ ದುಡ್ಡು ಕೊಟ್ಟು ಯಂತ್ರ ಕೊಳ್ಳುತ್ತಾರಾ ಎಂಬುದು ತಂದೆಯ ಮುಂದಿನ ಪ್ರಶ್ನೆ. ನಮ್ಮದೇ ಬಂಟ್ವಾಳ ತಾಲೂಕಿನ ಸಜಿಪದವರಾದ ಕದ್ರಿ ಗೋಪಾಲನಾಥರು ಬ್ಯಾಂಡ್ ಸೆಟ್ಟಿನ ಸ್ಯಾಕ್ಸೋಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಲು ಹೊರಟಾಗಲೂ ಹುಬ್ಬೇರಿಸಿದವರು ಇದ್ದಿರಬಹುದು ಎಂದೆ. ಅವರು ಸುಮ್ಮನಾದರು, ಒಪ್ಪಿದರೆಂದು ಹೇಳಲಾರೆ.

ಈ ಒರಟು ಸ್ವರ ಪ್ರಸಿದ್ಧವಾದದ್ದರಲ್ಲಿ ಒಂದು ಕೆಟ್ಟುಹೋದ ಉಪಕರಣದ ಪಾಲೂ ಇದೆ. 1961ರಲ್ಲಿ ಹೊರಬಂದ ಅಮೆರಿಕದ ಗಾಯಕ ಮಾರ್ಟಿ ರಾಬಿನ್ಸ್‌ರ ಹಾಡೊಂದು ಧ್ವನಿಮುದ್ರಣವಾಗುತ್ತಿದ್ದಾಗ ಮಿಕ್ಸರಿನ ಒಂದು ಭಾಗ ಕೆಟ್ಟು, ಗಿಟಾರು ಗೊರಗೊರ ಎಂದಿತು. ಅದನ್ನು ಹಾಗೆಯೇ ಉಳಿಸಿಕೊಂಡರು. ಅದೇ ಸದ್ದನ್ನು ಕೊಡುವ ಡಬ್ಬಿಯನ್ನು ಗಿಬ್ಸನ್ ಕಂಪೆನಿ 1962ರಲ್ಲಿ ಮಾರುಕಟ್ಟೆಗೆ ತಂದಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಅದನ್ನು ಬಳಸಿದ ಮೇಲೆ ಡಬ್ಬಿಗೆ ಶುಕ್ರದೆಸೆ.

ಡಬ್ಬಿಯ ಒಳಗೆ ನಡೆಯುವುದು ನಿಮಗೆ ಗೊತ್ತಿರುವ ಸಂಗತಿಯೇ. ಬ್ಯಾಟರಿ ಇಳಿದ ಟ್ರಾನ್ಸಿಸ್ಟರ್ ರೇಡಿಯೋವನ್ನು ಜೋರಾಗಿ ಇಟ್ಟರೆ ಸ್ವರ ಒಡೆಯುತ್ತದಲ್ಲ? ತರಂಗ ಮೇಲೇರಲು ಬೇಕಾದಷ್ಟು ವೋಲ್ಟೇಜ್ ಇಲ್ಲದೆ ಅದರ ತುದಿ ಚಪ್ಪಟೆಯಾಗುತ್ತದೆ. ಪೆಡಲ್ ಇದನ್ನೇ ಲೆಕ್ಕ ಹಾಕಿ ಮಾಡುತ್ತದೆ. ಗಿಟಾರಿನಿಂದ ಬರುವ ಅತ್ಯಲ್ಪ ವೋಲ್ಟೇಜನ್ನು ಮೊದಲು ಬಹುಪಟ್ಟು ಹೆಚ್ಚಿಸಿ, ಆಮೇಲೆ ಸಿಲಿಕಾನ್ ಡಯೋಡುಗಳ ಮೂಲಕ ಸುಮಾರು 0.6 ವೋಲ್ಟಿನಿಂದ ಮೇಲಿನದನ್ನು ಕತ್ತರಿಸಿಬಿಡುತ್ತದೆ. ಗುಂಡಗಿನ ಸೈನ್ ತರಂಗ ಚೌಕಕ್ಕೆ ಹತ್ತಿರವಾಗುತ್ತದೆ. ಚೌಕ ತರಂಗವೆಂದರೆ ಮೂಲಸ್ವರದ ಜೊತೆಗೆ ಅದರ ಮೂರು, ಐದು, ಏಳು ಪಟ್ಟಿನ ಮೇಲ್ಸ್ವರಗಳ ಸಾಲು. 110 ಹರ್ಟ್ಝ್‌ನ ತಂತಿ ಮೀಟಿದರೆ 330, 550, 770 ಹೀಗೆ ಸಾವಿರಾರು ಹರ್ಟ್ಝ್‌ವರೆಗೂ ಮೆರವಣಿಗೆ ಹೊರಡುತ್ತದೆ.

ಇನ್ನು ಹಾರ್ನಿನ ಸಂಗತಿ. ಜಾತ್ರೆಯಲ್ಲಿ ತೆಂಗಿನಮರಕ್ಕೆ ಕಟ್ಟುವ ಹಾರ್ನ್ ಇರುವುದು ಮಾತು ದೂರಕ್ಕೆ ಕೇಳಲಿ ಎಂದು. ಕೆಳಗಿನ ಸ್ವರಗಳನ್ನು ಅದು ಹೊರಡಿಸುವುದೇ ಇಲ್ಲವೆನ್ನಬೇಕು; ನಮ್ಮ ಕಿವಿ ಚುರುಕಾಗಿರುವ ಎರಡು ಮೂರು ಸಾವಿರ ಹರ್ಟ್ಝ್‌ಗಳ ಸುತ್ತಲಿನದನ್ನು ಮಾತ್ರ ಚುಚ್ಚಿ ಕೊಡುತ್ತದೆ. ಗಿಟಾರಿನ ದಪ್ಪ ತಂತಿಯ ಮೂಲಸ್ವರ ಸುಮಾರು 82 ಹರ್ಟ್ಝ್. ಅದು ಹಾರ್ನಿನಲ್ಲಿ ಕಾಣೆಯಾಗಿ, ಪೆಡಲ್ ಹುಟ್ಟಿಸಿದ ಮೇಲ್ಸ್ವರಗಳಷ್ಟೇ ಉಳಿಯುತ್ತವೆ. ಕಣಜದ ಗೂಡಿಗೆ ಕಲ್ಲು ಹೊಡೆದಂತೆ.

ಯೂನಿಟ್ ಸುಟ್ಟದ್ದೇಕೆ? ಇಲ್ಲಿ ಪಿಯುಸಿಯವರಿಗೆ ಒಂದು ಲೆಕ್ಕ. ಶಿಖರ ವೋಲ್ಟೇಜ್ ಒಂದೇ ಆಗಿದ್ದರೂ ಚೌಕ ತರಂಗದ ಸರಾಸರಿ ಸಾಮರ್ಥ್ಯ ಸೈನ್ ತರಂಗದ ಎರಡರಷ್ಟು. ಆರ್‌ಎಂಎಸ್ ಬೆಲೆ ತೆಗೆದು ನೀವೇ ನೋಡಿ. ಭಾಷಣಕ್ಕಾದರೆ ನಡುನಡುವೆ ಬಿಡುವಿದೆ. ಕಾಯಿಲ್ ಆಗ ತಣಿಯುತ್ತದೆ. ಪೆಡಲಿನ ಸ್ವರಕ್ಕೆ ಬಿಡುವಿಲ್ಲ. ಕೂದಲಿನಷ್ಟು ತೆಳ್ಳಗಿನ ತಂತಿ ಎಷ್ಟು ಹೊತ್ತು ತಡೆದೀತು? ಪೆಡಲೂ ಸರಿಯಾಗಿತ್ತು, ಹಾರ್ನೂ ಸರಿಯಾಗಿತ್ತು. ಜೋಡಿ ಸರಿಯಾಗಿರಲಿಲ್ಲ.

ನಂಬಿಸಲು ಮಾತು ಸಾಲದು. ಮೂಡುಬಿದಿರೆಯ ಗೆಳೆಯನೊಬ್ಬನ ಮನೆಯಲ್ಲಿ ಧೂಳು ತಿನ್ನುತ್ತಿದ್ದ 15 ವಾಟಿನ ಗಿಟಾರ್ ಆಂಪ್ಲಿಫೈಯರನ್ನು ಮುಂದಿನ ಭಾನುವಾರ ತರಿಸಿದೆ. ಟ್ರಾನ್ಸಿಸ್ಟರಿನದು, ಕಾಗದದ ಕೋನಿನ ಸ್ಪೀಕರು. ಗಿಟಾರಿಗೆಂದೇ ಮಾಡಿದ ಇಂಥ ಸ್ಪೀಕರು ಐದಾರು ಸಾವಿರ ಹರ್ಟ್ಝ್‌ನಿಂದ ಮೇಲಿನದನ್ನು ಹೆಚ್ಚಾಗಿ ನುಂಗಿಬಿಡುತ್ತದೆ. ಸಂಗೀತ ಕೇಳುವ ಸ್ಟೀರಿಯೋದಲ್ಲಿ ಅದು ದೋಷವಾಗುತ್ತಿತ್ತು. ಇಲ್ಲಿ ಅದೇ ಗುಣ. ಅದೇ ಪೆಡಲ್, ಅದೇ ಹುಡುಗ. ಈ ಸಲ ಸ್ವರ ದಪ್ಪಗೆ, ತುಂಬಿಕೊಂಡು ಬಂತು. ತಂದೆ ಬಾಗಿಲ ಹತ್ತಿರ ನಿಂತವರು ಒಳಗೆ ಬಂದರು.

ಹುಡುಗ ಆಂಪ್ಲಿಫೈಯರಿನದೇ ಡಿಸ್ಟಾರ್ಶನ್ ಗುಂಡಿಯನ್ನೂ ಒತ್ತಿದ. ಚಪ್ಪಟೆಯಾದದ್ದನ್ನು ಮತ್ತೆ ಚಪ್ಪಟೆ ಮಾಡಿದರೆ ಏನಾದೀತು? ಗಂಜಿ. ಯಾವ ತಂತಿ ಮೀಟಿದನೆಂದೇ ತಿಳಿಯಲಿಲ್ಲ. ಸ ಮತ್ತು ಪ ಎರಡನ್ನೇ ಮೀಟು ಎಂದೆ. 110 ಮತ್ತು 165; ಡಿಸ್ಟಾರ್ಶನ್ ಇವುಗಳ ವ್ಯತ್ಯಾಸವನ್ನೂ ಹುಟ್ಟಿಸುತ್ತದೆ. ಅದು 55, ಅಂದರೆ ಕೆಳಗಿನ ಸ್ಥಾಯಿಯ ಷಡ್ಜವೇ! ಹಾಗಾಗಿ ಆ ಜೋಡಿ ಗಂಜಿಯಾಗಲಿಲ್ಲ. ರಾಕ್ ಸಂಗೀತದವರು ಈ ಎರಡು ಸ್ವರಗಳನ್ನೇ ಹಿಡಿದು ಜಗ್ಗುವುದು ಸುಮ್ಮನೆ ಅಲ್ಲ. ತಂಬೂರಿಯ ಶ್ರುತಿ ಕೇಳಿ ಬೆಳೆದ ನಮಗೂ ಅದು ಹೊಸತಲ್ಲ.

“ಸಾರ್, ವಾಲ್ವ್ ಆಂಪ್ಲಿಫೈಯರ್ ಇದಕ್ಕಿಂತ ಚಂದ ಅಂತೆ” ಎಂದ ಹುಡುಗ. ನಿಜವಿದೆ. ಟ್ರಾನ್ಸಿಸ್ಟರ್ ತನ್ನ ಮಿತಿ ದಾಟಿದರೆ ಕತ್ತಿಯಿಂದ ಕಡಿದಂತೆ ತರಂಗವನ್ನು ಕತ್ತರಿಸುತ್ತದೆ. ವಾಲ್ವ್ ಸಾಮಾನ್ಯವಾಗಿ ಮೊದಲು ಬಾಗಿಸಿ, ಆಮೇಲೆ ಕತ್ತರಿಸುತ್ತದೆ. ಅಲ್ಲಿ ಪೆಡಲಿನ ಡಿಸ್ಟಾರ್ಶನ್ ಗುಂಡಿಯನ್ನು ಇಳಿಸಿ, ಲೆವೆಲ್ ಗುಂಡಿಯನ್ನು ಏರಿಸಿ, ವಾಲ್ವನ್ನೇ ಒಡೆಯಲು ಬಿಡುವುದುಂಟು. ಟ್ರಾನ್ಸಿಸ್ಟರಿನಲ್ಲಿ ಹಾಗಲ್ಲ, ಒರಟುತನವೆಲ್ಲ ಪೆಡಲಿನದೇ ಆಗಿ, ಆಂಪ್ಲಿಫೈಯರ್ ಸ್ವಚ್ಛವಾಗಿರಬೇಕು.

ಅವನ ಮುಂದಿನ ಮಾತು ಕೇಳಿ ನನ್ನ ಎದೆ ಧಸಕ್ಕೆಂದಿತು. ಅಟ್ಟದ ಮೇಲೆ ಅಜ್ಜನ ಕಾಲದ ವಾಲ್ವ್ ರೇಡಿಯೋ ಉಂಟಂತೆ. ಹಿಂಬದಿ ಮುಚ್ಚಳ ತೆಗೆದಾಗಿದೆ. ಗಿಟಾರಿಗೆ ವಯರು ಎಳೆಯುವುದಷ್ಟೇ ಬಾಕಿ.

ಹೆತ್ತವರು ಇದನ್ನು ಗಮನವಿಟ್ಟು ಓದಬೇಕು. ವಾಲ್ವ್ ರೇಡಿಯೋದೊಳಗೆ ಇನ್ನೂರು ಮುನ್ನೂರು ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳು ಅದನ್ನು ಹಿಡಿದಿಟ್ಟುಕೊಂಡಿರಬಹುದು. ಇನ್ನೂ ಘೋರವಾದದ್ದು, ಎಸಿ-ಡಿಸಿ ಎಂದು ಮಾರುತ್ತಿದ್ದ ಕೆಲವು ಸೆಟ್ಟುಗಳಿಗೆ ಟ್ರಾನ್ಸ್‌ಫಾರ್ಮರೇ ಇರಲಿಲ್ಲ. ಮನೆಯ ಕರೆಂಟಿನ ಒಂದು ವಯರು ನೇರವಾಗಿ ಒಳಗಿನ ಲೋಹದ ಚಾಸಿಗೆ ಜೋಡಣೆಯಾಗಿರುತ್ತಿತ್ತು. ಪ್ಲಗ್ಗನ್ನು ತಿರುಗಿಸಿ ಸಿಕ್ಕಿಸಿದರೆ ಚಾಸಿಯಲ್ಲಿ 230 ವೋಲ್ಟ್. ಎಲೆಕ್ಟ್ರಿಕ್ ಗಿಟಾರಿನ ತಂತಿಗಳೋ, ಕೇಬಲಿನ ಹೊರಬಲೆಯ ಮೂಲಕ ಅದೇ ಚಾಸಿಗೆ ಸೇರುತ್ತವೆ. ಮರದ ಪೆಟ್ಟಿಗೆ ಮುಟ್ಟಿ ರೇಡಿಯೋ ಕೇಳಿದ ಅಜ್ಜನಿಗೆ ಏನೂ ಆಗಲಿಲ್ಲ; ತಂತಿ ಹಿಡಿದು ಬರಿಗಾಲಿನಲ್ಲಿ ರೆಡ್ ಆಕ್ಸೈಡ್ ನೆಲದ ಮೇಲೆ ನಿಂತ ಮೊಮ್ಮಗನ ಗತಿ?

ಇದನ್ನು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಹುಡುಗನ ಮುಖ ಬಿಳಿಚಿತು. ತಂದೆ ಬೈಯಲಿಲ್ಲ, “ಮುಚ್ಚಳ ನಾನೇ ಹಾಕ್ತೇನೆ” ಎಂದರು. ಸದ್ಯಕ್ಕೆ ಅದನ್ನು ಮುಟ್ಟುವುದೇ ಬೇಡ, ವಾಲ್ವ್ ಸೆಟ್ ಬಲ್ಲ ರಿಪೇರಿಯವರನ್ನು ಕರೆಸಿ ಎಂದೆ.

ಹಾಗಾದರೆ ಮುಂದಿನ ಕ್ರಿಸ್ಮಸ್ಸಿಗೆ? 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ತಂಡ ನುಡಿಸಿದಂಥ ದೊಡ್ಡ ಕಾರ್ಯಕ್ರಮಗಳ ಮಾತು ಬೇರೆ. ನಮ್ಮ ಊರಿನ ಮಟ್ಟಕ್ಕೆ ಉಪಾಯ ಸುಲಭದ್ದು. ಗಿಟಾರನ್ನು ಚಿಕ್ಕ ಗಿಟಾರ್ ಆಂಪ್ಲಿಫೈಯರಿಗೆ ಕೊಟ್ಟು, ಅದರ ಸ್ಪೀಕರಿನ ಎದುರು ಒಂದು ಮೈಕ್ ಇಡುವುದು. ಒರಟನ್ನು ಕಾಗದದ ಕೋನು ಸೋಸಿದ ಮೇಲಷ್ಟೇ ಅದು ದೊಡ್ಡ ಪೆಟ್ಟಿಗೆಗಳಿಗೆ ಹೋಗುತ್ತದೆ. ಕೋನಿನ ಈ ಕೆಲಸವನ್ನು ಲೆಕ್ಕದಿಂದಲೇ ಅನುಕರಿಸುವ ಡಿಜಿಟಲ್ ಪೆಡಲುಗಳೂ ಈಗ ಇವೆ. ಬೆಲೆ ಕೇಳಿ ತಂದೆ ಕೈಮುಗಿದರು.

ಮೈಕದವರು ಮೈಕ್ ಕೊಡಲು ಒಪ್ಪಿದ್ದಾರೆ. ಹಾರ್ನ್ ಮಾತ್ರ ತರುವುದಿಲ್ಲವಂತೆ.